ಸರ್ವೇಯರ್ ಬರುವ ಮೊದಲು ಹಚ್ಚಿದ ಸುಣ್ಣ

ನಮ್ಮ ಮನೆಗೆ ನೀರು ಬಂದದ್ದು ಬೆಳಿಗ್ಗೆ ಹತ್ತರ ಸುಮಾರಿಗೆ, ಇಳಿದದ್ದು ಮಧ್ಯಾಹ್ನ ಮೂರಕ್ಕೆ. ಆ ಐದು ತಾಸಿನ ಬಗ್ಗೆ ನಾನು ಹೆಚ್ಚು ಮಾತಾಡುವುದಿಲ್ಲ. ಅದರ ನಂತರದ ಐದು ತಿಂಗಳ ಬಗ್ಗೆ ಮಾತ್ರ ಯಾರು ಕೇಳಿದರೂ ಹೇಳುತ್ತೇನೆ, ಕೇಳದಿದ್ದರೂ ಹೇಳುತ್ತೇನೆ. ಇಪ್ಪತ್ತಾರು ವರ್ಷ ಮುನಸಿಪಾಲ್ಟಿಯ ಕನ್ನಡ ಶಾಲೆಯಲ್ಲಿ ಪಾಠ ಹೇಳಿದವಳು ನಾನು. ಗಟ್ಟಿಯಾಗಿ, ಎರಡೆರಡು ಸಲ ಹೇಳಿಯೇ ರೂಢಿ. ಸಿಟ್ಟು ಬಂದರಂತೂ ನನ್ನ ದನಿ ಮೂರನೇ ಮಹಡಿಯವರೆಗೂ ಹೋಗುತ್ತದೆಂದು ನನ್ನ ಗಂಡ ಹೇಳುತ್ತಾರೆ, ಅದೂ ಮೆಲ್ಲಗೆ.

ನಮ್ಮದು ಭಾಂಡುಪಿನಲ್ಲಿ ನಾಲಾದ ಬದಿಯ ಹಳೆಯ ಬಿಲ್ಡಿಂಗು, ನೆಲಮಹಡಿಯ ಮನೆ. ಒಂದು ಹಾಲು, ಒಂದು ಕೋಣೆ, ಅಡುಗೆಮನೆ. ಇರುವವರು ನಾವಿಬ್ಬರು ಮತ್ತು ಅತ್ತೆ. ಅವರು ವಿಜಯಪುರದ ಕಡೆಯ ಹಳ್ಳಿಯಿಂದ ಮಗನ ಹಿಂದೆ ಮುಂಬಯಿಗೆ ಬಂದು ಮೂವತ್ತು ವರ್ಷವಾಯಿತು. ಊರು ಬಿಟ್ಟರೂ ಊರಿನ ಒಂದು ಪದ್ಧತಿಯನ್ನೂ ಅವರು ಬಿಟ್ಟವರಲ್ಲ. ಎಂಟು ವರ್ಷದಿಂದ ಅವರಿಗೆ ದಮ್ಮು. ಉಸಿರಿಗೆ ಎಳೆದುಕೊಳ್ಳುವ ಪಂಪು ಸದಾ ಸೆರಗಿನ ಗಂಟಿನಲ್ಲಿ ಇರುತ್ತದೆ.

ಆ ದಿನ ಅಡುಗೆಮನೆಯ ಕಟ್ಟೆಯ ಮೇಲೆ, ಗ್ಯಾಸಿನ ಒಲೆಯ ಪಕ್ಕದಲ್ಲಿ ಅತ್ತೆಯನ್ನು ಕೂರಿಸಿ, ನಾವಿಬ್ಬರು ಸೊಂಟದವರೆಗಿನ ನೀರಿನಲ್ಲಿ ನಿಂತಿದ್ದೆವು. ಫ್ರಿಜ್ಜು ತೇಲಿತು. ಗಾದಿಗಳು ತೊಯ್ದು ಮುಳುಗಿದವು. ಜೋಳದ ಹಿಟ್ಟಿನ ಡಬ್ಬಿಯ ಮುಚ್ಚಳ ತೆರೆದು ಹಿಟ್ಟೆಲ್ಲ ನೀರಿಗೆ ಬಿತ್ತು. ನೀರು ಇಳಿದ ಮೇಲೆ ನೋಡಿದರೆ ಗೋಡೆಯ ಸುತ್ತಲೂ, ನನ್ನ ಸೊಂಟದ ಮಟ್ಟಕ್ಕೆ, ಕಂದು ಬಣ್ಣದ ಗೆರೆ. ಶಾಲೆಯಲ್ಲಿ ಪಟ್ಟಿ ಹಿಡಿದು ಎಳೆದರೂ ಅಷ್ಟು ನೇರ ಬರುತ್ತಿರಲಿಲ್ಲ.

ಮನೆ ಕೊಂಡಾಗ ಸಾಲ ಕೊಟ್ಟ ಬ್ಯಾಂಕು, ಅದರ ಜೊತೆಗೇ ಒಂದು ವಿಮೆಯನ್ನೂ ಕಟ್ಟಿಸಿಕೊಂಡಿತ್ತು. ಬೇಕೋ ಬೇಡವೋ ಎಂದು ಕೇಳಿರಲಿಲ್ಲ, ನಾವೂ ಓದಿರಲಿಲ್ಲ. ಮರುದಿನ ನನ್ನ ಗಂಡ ಅದನ್ನು ಕಪಾಟಿನ ಮೇಲಿನ ಅರೆಯಿಂದ ತೆಗೆದು, ಕನ್ನಡಕ ಹಾಕಿಕೊಂಡು, ಒಂದೊಂದೇ ಸಾಲು ಓದಿದರು. ಪ್ರವಾಹಕ್ಕೆ ರಕ್ಷಣೆ ಇತ್ತು. ಆದರೆ ಗೋಡೆ, ನೆಲ, ಬಾಗಿಲಿಗೆ ಮಾತ್ರ. ಒಳಗಿನ ಸಾಮಾನಿಗೆ ಇಲ್ಲ. ಫ್ರಿಜ್ಜು ಹೋದರೆ ಹೋಯಿತು, ಗೋಡೆಯಾದರೂ ಆಗಲಿ ಎಂದುಕೊಂಡೆವು. ಅವರು ಕಂಪನಿಗೆ ಫೋನು ಮಾಡಿ ಕ್ಲೇಮು ಬರೆಸಿದರು. ಎರಡು ದಿನದಲ್ಲಿ ಸರ್ವೇಯರ್ ಬಂದು ನೋಡುತ್ತಾರೆ ಎಂದರಂತೆ. ಫೋನ್ ನಂಬರು ನನ್ನದು ಕೊಟ್ಟಿದ್ದರು, ಅವರದು ನೀರಿನಲ್ಲಿ ಸತ್ತಿತ್ತು.

ನಾಗರ ಪಂಚಮಿಗೆ ನಾಲ್ಕು ದಿನ ಉಳಿದಿತ್ತು. ನಮ್ಮ ಕಡೆ ಪಂಚಮಿ ಎಂದರೆ ಏನು ಎಂಬುದನ್ನು ಆ ಕಡೆಯವರಿಗೆ ಹೇಳಬೇಕಿಲ್ಲ. ಮದುವೆಯಾಗಿ ಹೋದ ಮಗಳು ತವರಿಗೆ ಬರಬೇಕು, ಎಳ್ಳು, ಶೇಂಗಾದ ಉಂಡಿ ಕಟ್ಟಬೇಕು, ಮಣ್ಣಿನ ನಾಗಪ್ಪನಿಗೆ ಹಾಲು ಎರೆಯಬೇಕು. ಅದಕ್ಕೆ ಮೊದಲು ಮನೆಯನ್ನು ಮೂಲೆಮೂಲೆಯೂ ಬಿಡದೆ ತೊಳೆಯಬೇಕು. ನನ್ನ ನಾದಿನಿ ಇದೇ ಮುಂಬಯಿಯ ಜೋಗೇಶ್ವರಿಯ ಚಾಳಿನಿಂದ, ಅಂದರೆ ವಠಾರದಿಂದ, ಬರುವುದನ್ನು ಒಂದು ವರ್ಷವೂ ತಪ್ಪಿಸಿದವಳಲ್ಲ. ಅತ್ತೆ ಕಟ್ಟೆಯಿಂದ ಇಳಿದವರೇ ಮೊದಲು ಆಡಿದ ಮಾತು ಅದರದೇ.

"ಗಟಾರದ ನೀರು ಹೊಕ್ಕ ಮನ್ಯಾಗ ನಾಗಪ್ಪಗ ಹಾಲ ಎರೀತೀರೇನು? ಮೊದಲ ಮನೀ ತೊಳೀರಿ. ಸುಣ್ಣಾ ತರಸ್ರಿ."

ನಾನು ಫೋನು ಎತ್ತಿ ಗೋಡೆಯ ಗೆರೆಯ ಫೋಟೊ ತೆಗೆಯಲು ಹೋದೆ. ಅವರು ಕೈ ಅಡ್ಡ ಹಿಡಿದರು.

"ಮುಳಗಿದ ಮನೀ ಫೋಟೊ ತಗೀಬಾರ್ದವಾ. ಹಾಳಾದ ಮನೀನ ಹಿಡದಿಟ್ಟಂಗ ಆಗ್ತದ. ಕಳಕೊಂಡದ್ದು ಕಳಕೊಂಡೀವಿ, ಫೋಟೊ ಬ್ಯಾರೆ ಬೇಕೇನು?"

ಆ ಹೊತ್ತಿಗೆ ನನಗೂ ಅದು ಸರಿ ಎನಿಸಿತು. ಸುಳ್ಳೇಕೆ ಹೇಳಲಿ, ಆ ಗೋಡೆಯನ್ನು ನೋಡಿದರೆ ನನಗೇ ಹೇಸಿಗೆ ಬರುತ್ತಿತ್ತು. ನಮ್ಮ ಬಿಲ್ಡಿಂಗಿನ ಹಿಂಬದಿಯ ಚಾಳಿನಲ್ಲಿ ನಮ್ಮ ಜಿಲ್ಲೆಯ ಹೆಂಗಸರು ಇದ್ದಾರೆ, ಗಾರೆ ಕೆಲಸಕ್ಕೆ ಹೋಗುವವರು. ಸುದ್ದಿ ತಿಳಿದು ನಾಲ್ಕು ಜನ ಪೊರಕೆ, ಬಕೀಟು ಹಿಡಿದುಕೊಂಡು ಬಂದರು. ಒಂದು ಹಗಲು ತೊಳೆದರು, ಮರುದಿನ ಸುಣ್ಣ ಬಳಿದರು. ದುಡ್ಡು ಕೊಟ್ಟರೆ ಮುಟ್ಟಲಿಲ್ಲ, ಚಹಾ ಕುಡಿದು ಹೋದರು. ಅತ್ತೆ ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಅಲ್ಲೊಂದು ಕೈ ಬಿಟ್ಟೀರಿ, ಇಲ್ಲೊಂದು ಕೈ ಬಿಟ್ಟೀರಿ ಎಂದು ತೋರಿಸುತ್ತಲೇ ಇದ್ದರು. ಸಂಜೆಗೆ ನಮ್ಮ ಮನೆ ಹಾಲಿನಂತೆ ಬೆಳ್ಳಗಾಗಿತ್ತು. ನನಗೆ ಅಳುವಷ್ಟು ಖುಷಿಯಾಯಿತು.

ಸರ್ವೇಯರ್ ಎರಡು ದಿನದಲ್ಲಿ ಬರಲಿಲ್ಲ, ಪಂಚಮಿಯ ಮರುದಿನ ಬಂದರು. ಊರೆಲ್ಲ ಮುಳುಗಿದೆ, ನಾನೊಬ್ಬನೇ ಎಷ್ಟು ಮನೆ ನೋಡಲಿ ಎಂದು ಬಂದವರೇ ತಮ್ಮ ಕಷ್ಟ ಹೇಳಿಕೊಂಡರು. ವಯಸ್ಸಾದ ಮನುಷ್ಯ, ಪ್ಯಾಂಟು ಮೊಣಕಾಲವರೆಗೆ ಮಡಚಿತ್ತು. ಹಾಲಿನ ನಡುವೆ ನಿಂತು ಒಂದು ಸುತ್ತು ತಿರುಗಿದರು.

"ಮ್ಯಾಡಮ್, ಡ್ಯಾಮೇಜ್ ಕಹಾಂ ಹೈ?"

ನಾನು ಗೋಡೆ ತೋರಿಸಿದೆ. ಇಲ್ಲಿಯವರೆಗೆ ನೀರು ಬಂದಿತ್ತು ಎಂದು ಸೊಂಟದ ಹತ್ತಿರ ಕೈ ಹಿಡಿದೆ. ಅವರು ನನ್ನ ಕೈ ನೋಡಿದರು, ಗೋಡೆ ನೋಡಿದರು. ಫೋಟೊ ಇದೆಯೇ ಎಂದರು. ಎದುರು ಮನೆಯವಳು ತನ್ನ ಫೋನಿನಲ್ಲಿದ್ದ ಫೋಟೊ ತೋರಿಸಿದಳು. ಅದರಲ್ಲಿ ರಸ್ತೆ ಇತ್ತು, ಮೆಟ್ಟಿಲು ಇತ್ತು, ನಮ್ಮ ಮನೆಯ ಒಳಗು ಇರಲಿಲ್ಲ. ಅವರು ಬರೆದುಕೊಂಡು ಹೋದರು. ಹೋಗುವಾಗ ಬೇಸರದಿಂದಲೇ ಹೇಳಿದರು, ಸಾಫು ಮಾಡಬೇಡಿ ಎಂದು ಮೆಸೇಜು ಬಂದಿರಲಿಲ್ಲವೇ ಎಂದು.

ಬಂದಿತ್ತು. ಅವರು ಹೋದ ಮೇಲೆ ನಾನು ಬಚ್ಚಲಿಗೆ ಹೋಗಿ, ಬಾಗಿಲು ಹಾಕಿಕೊಂಡು ಫೋನು ನೋಡಿದೆ. ನೀರು ಬಂದ ಮರುದಿನವೇ ಬಂದಿತ್ತು, ಇಂಗ್ಲಿಷಿನಲ್ಲಿ, ನಾಲ್ಕೇ ಸಾಲು. ಸರ್ವೇ ಮುಗಿಯುವವರೆಗೆ ಹಾನಿಯಾದದ್ದನ್ನು ಹಾಗೇ ಇಡಿ, ಫೋಟೊ ತೆಗೆದಿಡಿ ಎಂದು. ಮಕ್ಕಳು ಪ್ರಶ್ನೆ ಪೂರ್ತಿ ಓದದೆ ಉತ್ತರ ಬರೆದರೆ ಕಿವಿ ಹಿಂಡಿದವಳು ನಾನು. ಈ ವಿಷಯ ಯಾರಿಗೂ ಹೇಳಲಿಲ್ಲ, ಗಂಡನಿಗೂ ಹೇಳಲಿಲ್ಲ.

ಸುಣ್ಣ ನಿಂತದ್ದು ಹತ್ತು ದಿನ. ಆಮೇಲೆ ಒಳಗಿನ ತೇವ ಹೊರಬರತೊಡಗಿತು. ಮೊದಲು ಉಬ್ಬಿತು, ಆಮೇಲೆ ಪದರಪದರವಾಗಿ ಉದುರಿತು, ಅದರ ಹಿಂದೆ ಬೂಷ್ಟು. ಕಪ್ಪು, ಹಸಿರು ಚುಕ್ಕೆ. ಅತ್ತೆಗೆ ಉಸಿರು ಕಟ್ಟತೊಡಗಿತು. ಡಾಕ್ಟರು ನೇರವಾಗಿ ಹೇಳಿದರು. ಈ ಗೋಡೆಯ ಗಿಲಾವು ಪೂರ್ತಿ ಕೆತ್ತಿ ಹೊಸದು ಹಾಕಿಸುವವರೆಗೆ ಇವರನ್ನು ಆ ಮನೆಯಲ್ಲಿ ಇಡಬೇಡಿ, ಇಟ್ಟರೆ ಆಸ್ಪತ್ರೆಗೇ ತರಬೇಕಾಗುತ್ತದೆ ಎಂದರು.

ಹೀಗೆ ಅತ್ತೆ ಜೋಗೇಶ್ವರಿಗೆ ಹೋದರು. ನಾದಿನಿಯ ಮನೆ ಒಂದೇ ಕೋಣೆ, ಇರುವವರು ಐದು ಜನ. ಅತ್ತೆಗೆ ಮಲಗಲು ಸಿಕ್ಕಿದ್ದು ಒಲೆಯ ಕಟ್ಟೆಯ ಕೆಳಗಿನ ಜಾಗ. ಮಗಳ ಮನೆಯಲ್ಲಿ ಹಬ್ಬಕ್ಕೆ ಎರಡು ದಿನ ಇರುವುದು ಬೇರೆ, ತಿಂಗಳುಗಟ್ಟಲೆ ಅಳಿಯನ ಎದುರು ಕಾಲು ಚಾಚಿ ಮಲಗುವುದು ಬೇರೆ. ಅದು ಅವರಿಗೆ ಸಾಯುವಷ್ಟು ನಾಚಿಕೆಯ ವಿಷಯ. ದಿನಾ ಬೆಳಿಗ್ಗೆ ಒಂಬತ್ತಕ್ಕೆ ಅವರ ಫೋನು ಬರುತ್ತಿತ್ತು. ಕ್ಷೇಮಸಮಾಚಾರವಿಲ್ಲ, ಏನಿಲ್ಲ, ಒಂದೇ ಪ್ರಶ್ನೆ.

"ಗ್ವಾಡಿ ಒಣಗ್ಯಾವೇನವಾ?"

ಒಣಗುವುದೆಲ್ಲಿಂದ ಬಂತು. ಗಿಲಾವಿಗೆ ಬೇಕಾದಷ್ಟು ನಮ್ಮ ಕೈಯಲ್ಲಿ ಇರಲಿಲ್ಲ. ಕಂಪನಿ ಕೊಟ್ಟರೆ ಅತ್ತೆ ಮನೆಗೆ ಬರುತ್ತಾರೆ, ಕೊಡದಿದ್ದರೆ ಇಲ್ಲ. ನನ್ನ ತಲೆಯಲ್ಲಿ ಅಷ್ಟೇ ಇತ್ತು. ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಅನ್ನಕ್ಕಿಟ್ಟು ಮರೆಯುತ್ತಿದ್ದೆ. ಶಾಲೆಯಿಂದ ರಿಟೈರಾಗಿ ಒಂದು ವರ್ಷವಾಗಿತ್ತು, ಹಾಗಾಗಿ ಇಡೀ ಹಗಲು ಆ ಗೋಡೆಗಳ ಎದುರು ನಾನೊಬ್ಬಳೇ. ಗಂಡ ಜೋಗೇಶ್ವರಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇತ್ ಮಷೀನು ನಡೆಸುತ್ತಾರೆ. ಕೆಲಸ ಮುಗಿಸಿ ತಾಯಿಯನ್ನು ನೋಡಿಕೊಂಡು ಬರುತ್ತಿದ್ದರು, ಬಂದು ಸುಮ್ಮನೆ ಕೂರುತ್ತಿದ್ದರು. ಅವರ ಆ ಸುಮ್ಮನಿರುವಿಕೆ ನನ್ನನ್ನು ಇನ್ನಷ್ಟು ರೇಗಿಸುತ್ತಿತ್ತು.

ವಾರಕ್ಕೆರಡು ಸಲ ನಾನು ಅಂಧೇರಿಗೆ ಹೋದೆ, ಕಂಪನಿಯ ಆಫೀಸಿಗೆ. ಘಾಟ್ಕೋಪರ್ ತನಕ ಲೋಕಲ್, ಅಲ್ಲಿಂದ ಮೆಟ್ರೊ. ಸೀಟು ಸಿಕ್ಕರೂ ಕೂರುತ್ತಿರಲಿಲ್ಲ, ಬಾಗಿಲ ಹತ್ತಿರ ನಿಂತು ಹೇಳಬೇಕಾದದ್ದನ್ನು ಬಾಯಿಪಾಠ ಮಾಡುತ್ತಿದ್ದೆ. ಆಫೀಸಿನಲ್ಲಿ ಟೋಕನ್ ಕೊಟ್ಟು ಕೂರಿಸುತ್ತಿದ್ದರು. ಎ.ಸಿ. ಎಷ್ಟಿತ್ತೆಂದರೆ ಸೆರಗು ಹೊದ್ದುಕೊಳ್ಳಬೇಕು. ಪ್ರತಿ ಸಲ ಬೇರೆ ಹುಡುಗಿ, ಪ್ರತಿ ಸಲ ಮೊದಲಿನಿಂದ ಕಥೆ. ನಾನು ದನಿ ಏರಿಸಿದರೆ ನೀರು ತಂದು ಕೊಡುತ್ತಿದ್ದರು. ಜಗಳವಾಡಲು ಬಂದವರಿಗೆ ನೀರು ಕೊಟ್ಟರೆ ಜಗಳ ಅರ್ಧ ಸಾಯುತ್ತದೆ, ಇದು ಅವರಿಗೆ ಗೊತ್ತು. ಆರನೆಯ ಸಲಕ್ಕೆ ಮತ್ತೊಮ್ಮೆ ಸರ್ವೇಯರನ್ನು ಕಳಿಸಲು ಒಪ್ಪಿದರು.

ಅದೇ ಮನುಷ್ಯ ಬಂದರು. ಆಗ ಮಳೆಗಾಲ ಮುಗಿಯುತ್ತ ಬಂದಿತ್ತು. ಈ ಸಲ ನಾನು ಏನನ್ನೂ ಮುಟ್ಟಿರಲಿಲ್ಲ. ನೆಲದ ಮೇಲೆ ಉದುರಿದ ಸುಣ್ಣದ ಚೂರು ಕೂಡ ಹಾಗೇ ಇತ್ತು. ಅವರು ಚೀಲದಿಂದ ಒಂದು ಚಿಕ್ಕ ಯಂತ್ರ ತೆಗೆದು, ಅದರ ಎರಡು ಮೊನೆಗಳನ್ನು ಗೋಡೆಗೆ ಚುಚ್ಚಿದರು. ಅದು ಕೀಂ ಎಂದಿತು. ಮೇಲೆ ಚುಚ್ಚಿದರು, ಅಲ್ಲೂ ಕೀಂ ಎಂದಿತು.

"ಮ್ಯಾಡಮ್, ಯೇ ತೋ ಸೀಪೇಜ್ ಹೈ," ಎಂದರು. "ಹಳೆ ಬಿಲ್ಡಿಂಗು, ತೇವ ನಿಧಾನಕ್ಕೆ ಏರ್ತಾ ಬಂದಿದೆ. ಸೀಪೇಜ್ ಪಾಲಿಸಿಯಲ್ಲಿ ಬರುವುದಿಲ್ಲ" ಎಂದು ಹಿಂದಿಯಲ್ಲಿ ವಿವರಿಸಿದರು. ಒಂದೇ ದಿನದಲ್ಲಿ ಬಂದ ನೀರಿನ ಹಾನಿಗೆ ದುಡ್ಡು ಉಂಟು, ದಿನದಿನಕ್ಕೆ ಇಂಗಿದ ತೇವಕ್ಕೆ ಇಲ್ಲ. ಮೊದಲ ಸಲ ಬಂದಾಗ ನಮ್ಮ ಮನೆ ಏನೂ ಆಗದಷ್ಟು ಚಂದ ಇತ್ತು, ಎರಡನೆಯ ಸಲಕ್ಕೆ ವರ್ಷಗಳಿಂದ ಹಾಳಾದಷ್ಟು ಹಾಳಾಗಿತ್ತು. ನಡುವಿನ ದಿನಗಳಲ್ಲಿ ಅವರು ಬರಲಿಲ್ಲ. ನಾನು ಕೂಗಾಡಿದೆ. ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು. ಮೆಟ್ಟಿಲ ಹತ್ತಿರ ಚಪ್ಪಲಿ ಹಾಕಿಕೊಳ್ಳುತ್ತ, ಆ ಸುಣ್ಣ ಒಂದು ಹಚ್ಚದೆ ಇದ್ದಿದ್ದರೆ ನಾನು ಕಣ್ಣು ಮುಚ್ಚಿ ಬರೆಯುತ್ತಿದ್ದೆ ಎಂದರು.

ಅವರು ಹೋಗಿ ಐದು ನಿಮಿಷವೂ ಆಗಿರಲಿಲ್ಲ, ಅತ್ತೆಯ ಫೋನು ಬಂತು. ಆ ದಿನ ಸರ್ವೇಯರ್ ಬರುತ್ತಾರೆಂದು ಮಗ ಹೇಳಿದ್ದರಿಂದ ಎರಡನೆಯ ಸಲ ಮಾಡಿದ್ದರು.

"ನೋಡಿ ಹೋದ್ರೇನವಾ? ಗ್ವಾಡಿ..."

"ಹೋದ್ರಿ! ಏನೂ ಕೊಡೂದಿಲ್ಲ ಅಂದ್ರು! ನಿಮ್ಮ ಸುಣ್ಣದಿಂದ ಎಲ್ಲಾ ಹೋತು. ನೀವs ಹಚ್ಚಿಸಿದ್ದು, ನೀವs ಫೋಟೊ ಬ್ಯಾಡಂದಿದ್ದು. ಇನ್ನ ಅಲ್ಲೇ ಇರ್ರಿ!"

ಆ ಕಡೆ ಕುಕ್ಕರಿನ ಸೀಟಿ ಕೇಳಿಸಿತು. ಸ್ವಲ್ಪ ಹೊತ್ತಿಗೆ ಫೋನು ಕಟ್ಟಾಯಿತು.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಫೋನು ಬರಲಿಲ್ಲ. ಅದರ ಮರುದಿನವೂ ಇಲ್ಲ. ಮೂರನೆಯ ದಿನ ನಾನೇ ಮಾಡಿದೆ. ನಾದಿನಿ ಎತ್ತಿ, ಅವ್ವ ಮಲಗ್ಯಾಳ ಎಂದಳು. ಒಂಬತ್ತು ಗಂಟೆಗೆ ಮಲಗುವ ಹೆಂಗಸಲ್ಲ ಅವರು. ಗಂಡನನ್ನು ಕೇಳಿದೆ, ಅತ್ತಿ ನನ್ನ ಬಗ್ಗೆ ಏನಾದರೂ ಅಂದರೇನು ಎಂದು. "ಏನೂ ಅಂದಿಲ್ಲ. ಈಗ ಮನೀ ಸುದ್ದಿನs ತಗ್ಯಾಂಗಿಲ್ಲ ಆಕಿ," ಎಂದು ಅವರು ತಟ್ಟೆಯಲ್ಲಿ ಕೈ ಆಡಿಸುತ್ತ ಕೂತರು. ಮನೆಗೆ ಯಾವಾಗ ಬರುವುದು ಎಂದು ಎರಡು ತಿಂಗಳು ದಿನಾ ಕೇಳಿದವರು ಈಗ ಕೇಳುವುದನ್ನೇ ಬಿಟ್ಟಿದ್ದರು. ಆ ಮೆಸೇಜು ನನ್ನ ಫೋನಿನಲ್ಲೇ ಇತ್ತು. ಓದದವಳು ನಾನು, ಬೈಸಿಕೊಂಡವರು ಅವರು. ನನ್ನ ಮೇಲೆ ನನಗೆ ಬಂದ ಸಿಟ್ಟನ್ನು ಎಲ್ಲಿ ಹಾಕಬೇಕೆಂದು ತಿಳಿಯದೆ ನಾನು ಅಡುಗೆಮನೆಯಿಂದ ಹಾಲಿಗೆ, ಹಾಲಿನಿಂದ ಅಡುಗೆಮನೆಗೆ ತಿರುಗಾಡಿದೆ. ಕಾಲು ಊದಿಕೊಂಡವು.

ಕಂಪನಿಯ ಪತ್ರ ದೀಪಾವಳಿ ಕಳೆದ ಮೇಲೆ ಬಂತು. ಪರಿಶೀಲನೆಗೆ ಮೊದಲೇ ದುರಸ್ತಿ ಮಾಡಲಾಗಿದೆ, ಈಗಿನ ಸ್ಥಿತಿಗೆ ಕಾರಣ ಸೀಪೇಜ್, ಆದ್ದರಿಂದ ಕ್ಲೇಮನ್ನು ತಿರಸ್ಕರಿಸಲಾಗಿದೆ ಎಂದು ಬರೆದಿತ್ತು. ಕೊನೆಯಲ್ಲಿ ನಮ್ಮ ಸಹಕಾರಕ್ಕೆ ಧನ್ಯವಾದ ಬೇರೆ. ನಾನು ಈ ಸಲ ಕೂಗಾಡಲಿಲ್ಲ. ಗಂಡ ಬಂದ ಕೂಡಲೇ ಪತ್ರ ಕೈಗೆ ಕೊಟ್ಟು, "ನನ್ನ ರಿಟೈರ್‌ಮೆಂಟಿನ ಎಫ್‌ಡಿ ಮುರಸೋಣ್ರಿ. ಅತ್ತಿ ಬರಬೇಕು," ಎಂದೆ. ಅವರು ನನ್ನ ಮುಖ ನೋಡಿದರು. "ಮತ್ತ ಆಕೀಗೇನ ಹೇಳೂದು? ತನ್ನ ಸುಣ್ಣಕ್ಕ ನಿನ್ನ ರೊಕ್ಕ ಹೋತು ಅಂದ್ರ ಆಕಿ ಬರಾಂಗಿಲ್ಲ," ಎಂದರು.

"ಕಂಪನ್ಯಾರು ಕೊಟ್ರು ಅಂತ ಹೇಳ್ರಿ," ಎಂದೆ ನಾನು.

ಹಿಂದಿನ ಚಾಳಿನ ಹೆಂಗಸರೇ ಕೆಲಸಕ್ಕೆ ಬಂದರು, ತಮ್ಮ ಮೇಸ್ತ್ರಿಯನ್ನು ಕರೆದುಕೊಂಡು. ಈ ಸಲ ಕೂಲಿ ತೆಗೆದುಕೊಂಡರು. ಸೊಂಟದ ಮೇಲಿನ ಮಟ್ಟದವರೆಗೆ ಹಳೆಯ ಗಿಲಾವನ್ನು ಇಟ್ಟಿಗೆ ಕಾಣುವಂತೆ ಕೆತ್ತಿ, ಒಂದು ತಿಂಗಳು ಒಣಗಲು ಬಿಟ್ಟು, ಹೊಸದು ಹಾಕಿದರು. ನಾನು ದಿನಾ ಅಂಗೈ ಇಟ್ಟು ನೋಡುತ್ತಿದ್ದೆ. ಡಾಕ್ಟರೂ ಒಮ್ಮೆ ಬಂದು ನೋಡಿ ಹೂಂ ಎಂದರು.

ಅತ್ತೆ ಬಂದದ್ದು ಜನವರಿಯ ಒಂದು ಭಾನುವಾರ. ಆಟೋದಿಂದ ಇಳಿದು, ಮಗನ ತೋಳು ಹಿಡಿದು ಒಳಗೆ ಬಂದರು. ಎಷ್ಟು ಇಳಿದಿದ್ದರೆಂದರೆ ಕುಪ್ಪಸ ಸಡಿಲವಾಗಿ ಭುಜದಿಂದ ಜಾರುತ್ತಿತ್ತು. ನಾನು ಕಾಲಿಗೆ ಬಿದ್ದೆ. ಅವರು ನನ್ನ ತಲೆಯ ಮೇಲೆ ಕೈ ಇಟ್ಟರು. ಗೋಡೆಯ ಹತ್ತಿರ ಹೋಗಿ ನಿಂತು, ಮೇಲಿಂದ ಕೆಳಗೆ ನೋಡಿ, ಬೆರಳಿನ ಗೆಣ್ಣಿನಿಂದ ತಟ್ಟಿದರು.

"ಕಂಪನ್ಯಾರು ಕೊಟ್ರಂತ?"

"ಹೂಂ ರಿ. ಕೊಟ್ರು."

"ಹಂಗಾರ ಸುಣ್ಣದಿಂದ ಏನೂ ಆಗಿಲ್ಲ."

"ಏನೂ ಆಗಿಲ್ರಿ ಅತ್ತಿ. ಅವತ್ತ ನಾ ಸಿಟ್ಟಿನ್ಯಾಗ ಅಂದದ್ದು."

ಅಷ್ಟರಲ್ಲಿ ಎದುರು ಮನೆಯವಳು ಅತ್ತೆಯನ್ನು ಮಾತಾಡಿಸಲು ಬಂದಳು. ಕಲಬುರಗಿ ಕಡೆಯ ಮುಸಲ್ಮಾನ ಹೆಂಗಸು, ಅವಳ ಗಂಡ ವೆಲ್ಡಿಂಗ್ ಕೆಲಸದವನು. ಅವಳು ಸರ್ವೇಯರ್ ಬರುವ ತನಕ ಆ ಕೆಸರಿನಲ್ಲೇ ಮಕ್ಕಳನ್ನು ಇಟ್ಟುಕೊಂಡು ಕಾದಿದ್ದಳು. ಆದರೂ ಅವಳ ಕ್ಲೇಮು ಬಿದ್ದುಹೋಗಿತ್ತು, ಏಕೆಂದರೆ ಪಾಲಿಸಿ ಇನ್ನೂ ಮನೆ ಮಾರಿ ಹೋದವನ ಹೆಸರಿನಲ್ಲೇ ಇತ್ತು. ಅವಳೂ ಗೋಡೆ ತಟ್ಟಿ ನೋಡಿ, ದುಡ್ಡು ಯಾರು ಕೊಟ್ಟರು ಎಂದು ಕೇಳಿದಳು. ಅತ್ತೆ ಪಕ್ಕದಲ್ಲೇ ಇದ್ದರು. ಕಂಪನಿ ಎಂದೆ.

ನಾಲ್ಕು ದಿನ ಬಿಟ್ಟು ಅವಳು ಮತ್ತೆ ಬಂದಳು. ಕಂಕುಳಲ್ಲಿ ಫೈಲು.

"ಟೀಚರ್, ನಿಮ್ದು ಬಂತಲ್ರಿ. ಏನಂತ ಬರದ್ರಿ? ನಂದೂ ಹಂಗs ಬರದ ಕೊಡ್ರಿ. ನಮ್ಮವ್ರು ನಾಳೆ ರಜಾ ಹಾಕಿ ಅಂಧೇರಿಗೆ ಹೋಗ್ತಾರ."

ಮಂಚದ ಮೇಲೆ ಅತ್ತೆ ಮೆಂತ್ಯದ ಸೊಪ್ಪು ಬಿಡಿಸುತ್ತ ಕೂತಿದ್ದರು. ನಿಜ ಹೇಳಿದರೆ ಅತ್ತೆ ಮತ್ತೆ ಚೀಲ ಕಟ್ಟುತ್ತಾರೆ. ಸುಳ್ಳು ಹೇಳಿದರೆ, ದಿನದ ಕೂಲಿ ಬಿಟ್ಟು ಇವಳ ಗಂಡ ಇಲ್ಲದ ದಾರಿಯನ್ನು ಹುಡುಕಿಕೊಂಡು ಅಲೆಯುತ್ತಾನೆ, ನಾನು ಅಲೆದಂತೆ. ಬಾ ಎಂದು ಅವಳ ಮೊಣಕೈ ಹಿಡಿದು ಹೊರಗೆ, ಮೀಟರಿನ ಡಬ್ಬಿಗಳ ಹತ್ತಿರ ಕರೆದುಕೊಂಡು ಹೋದೆ. ಜೀವನದಲ್ಲಿ ಅಷ್ಟು ಮೆಲ್ಲಗೆ ನಾನು ಯಾವತ್ತೂ ಮಾತಾಡಿರಲಿಲ್ಲ. ಕಂಪನಿ ಒಂದು ಪೈಸೆಯೂ ಕೊಟ್ಟಿಲ್ಲ ಎಂದೆ. ಓದದೆ ಬಿಟ್ಟ ಮೆಸೇಜಿನ ಸುದ್ದಿಯನ್ನೂ ಹೇಳಿದೆ, ಮೊದಲ ಸಲ, ಒಬ್ಬರಿಗೆ. ಮೊದಲು ಬ್ಯಾಂಕಿಗೆ ಹೋಗಿ ಪಾಲಿಸಿಯ ಹೆಸರು ಯಾಕೆ ಬದಲಾಯಿಸಲಿಲ್ಲ ಎಂದು ಬರೆದು ಕೇಳು, ಆ ಅರ್ಜಿ ನಾನು ಬರೆದುಕೊಡುತ್ತೇನೆ ಎಂದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ನಾನು ಕೇಳದೆಯೇ, ಅಮ್ಮನ ಮುಂದ ನಾ ಏನೂ ಅನ್ನಾಂಗಿಲ್ಲ ಎಂದಳು.

ಒಳಗೆ ಹೋಗಿ, "ಅಮ್ಮಾ, ಆರಾಮ್ ಮಾಡ್ರಿ. ಟೀಚರ್ ನಮಗೂ ಬರದ್ ಕೊಡ್ತಾರಂತ," ಎಂದು ಹೇಳಿ, ಫೈಲು ನನ್ನ ಕೈಗಿಟ್ಟು ಹೋದಳು.

ನಾನು ಅತ್ತೆಯ ಪಕ್ಕ ಕೂತು ಒಂದು ಸಿವುಡು ಮೆಂತ್ಯ ಎಳೆದುಕೊಂಡೆ. ಅವರು ಎಲೆ ಬಿಡಿಸುವುದನ್ನು ನಿಲ್ಲಿಸಲಿಲ್ಲ, ನನ್ನ ಕಡೆ ನೋಡಲೂ ಇಲ್ಲ.

"ಆಕೀಗೆ ಖರೇ ಹೇಳಿದೇನು?"

ನನ್ನ ಕೈ ನಿಂತಿತು.

"ಯಾವ್ದರಿ?"

"ಕಂಪನ್ಯಾರು ಕೊಟ್ಟಿಲ್ಲ ಅನ್ನೂದು. ಕೊಟ್ಟಿದ್ರ ಇಡೀ ಬಿಲ್ಡಿಂಗಿಗೆ ಕೇಳೂ ಹಂಗ ಒದರ್ತಿದ್ದಿ ನೀ. ನಾ ಬಂದಾಗಿಂದ ಒಂದ್ ಸಲಾನೂ ಅದರ ಸುದ್ದಿ ತಗದಿಲ್ಲ."

ಹೇಳಿದೆ ಎಂದು ತಲೆ ಆಡಿಸಿದೆ. ಅವರು ಬಿಡಿಸಿದ ಸೊಪ್ಪನ್ನು ಮೊರದ ಒಂದು ಬದಿಗೆ ಸರಿಸಿದರು.

"ಛಲೋ ಮಾಡಿದಿ. ಬಡವರು, ಅವರಿಗೆ ಹೇಳಬೇಕು," ಎಂದರು. "ಗ್ವಾಡಿ ಯಾರ ರೊಕ್ಕದ್ದು ಅಂತ ನನಗ ಮಾತ್ರ ಹೇಳಬ್ಯಾಡವಾ. ನಾ ಇಲ್ಲೇ ಇರ್ತೀನಿ."